ಬೆಳ್ಳಿಯ ತಂತಿ

ಮಹಾಪುರುಷರ ಜೀವನಚರಿತ್ರೆಗಳನ್ನು ಓದುವ ಹವ್ಯಾಸ ನನಗೆ ಬಹುಕಾಲದಿಂದ ಉಂಟು. ಓದಿ ಮುಗಿಸಿದ ಮೇಲೆ ಕೈಮುಗಿಯಲೂ ಆಗದೆ, ಕಡೆಗಣಿಸಲೂ ಆಗದೆ ನಾನು ಕುಳಿತುದು ಜೇಮ್ಸ್ ಮೇರಿಯನ್ ಸಿಮ್ಸ್ ಎಂಬ ಅಮೆರಿಕದ ವೈದ್ಯನ ವಿಷಯದಲ್ಲಿ.

ಆತ ಹುಟ್ಟಿದ್ದು 1813ರಲ್ಲಿ, ದಕ್ಷಿಣ ಕ್ಯಾರೊಲಿನಾ ಪ್ರಾಂತದಲ್ಲಿ. ಫಿಲಡೆಲ್ಫಿಯಾದಲ್ಲಿ ವೈದ್ಯವಿದ್ಯೆ ಕಲಿತು ಊರಿಗೆ ಮರಳಿದಾಗ, ಅವನ ಕೈಗೆ ಬಂದ ಮೊದಲ ಎರಡು ಶಿಶುಗಳೂ ತೀರಿಕೊಂಡವು. ಎದೆಗುಂದಿದ ತರುಣ ಊರು ತೊರೆದು ಅಲಬಾಮಾ ಪ್ರಾಂತಕ್ಕೆ ಹೋಗಿ, ಕೊನೆಗೆ ಮಾಂಟ್ಗೊಮೆರಿ ನಗರದಲ್ಲಿ ನೆಲೆನಿಂತನು. ಅದು ಗುಲಾಮರ ಬೆವರಿನಿಂದ ಬೆಳೆದ ಹತ್ತಿಯ ಸೀಮೆ.

ಹೆರಿಗೆ ದಿನಗಟ್ಟಲೆ ಎಳೆದಾಗ, ಶಿಶುವಿನ ತಲೆಯ ಒತ್ತಡದಿಂದ ತಾಯಿಯ ಮೂತ್ರಕೋಶದಲ್ಲಿ ರಂಧ್ರವಾಗುವುದುಂಟು. ಅನಂತರ ಹಗಲಿರುಳೂ ಮೂತ್ರ ಸೋರುತ್ತದೆ, ಬಾಳು ನರಕವಾಗುತ್ತದೆ. 1845ರಲ್ಲಿ ಸಿಮ್ಸ್ ಇದರ ಪರಿಹಾರಕ್ಕೆ ಕಂಕಣ ತೊಟ್ಟನು. ಹಿತ್ತಲಿನ ಪುಟ್ಟ ಆಸ್ಪತ್ರೆಯಲ್ಲಿ ಗುಲಾಮ ಸ್ತ್ರೀಯರನ್ನು ಇರಿಸಿಕೊಂಡು ನಾಲ್ಕು ವರ್ಷ ಶಸ್ತ್ರಕ್ರಿಯೆ ನಡೆಸಿದನು. ಅವರಲ್ಲಿ ಮೂವರ ಹೆಸರಷ್ಟೇ ಉಳಿದಿದೆ: ಅನಾರ್ಕಾ, ಬೆಟ್ಸಿ, ಲೂಸಿ. ಅವರು ಒಪ್ಪಿದ್ದರೆಂದೇ ಆತ ಬರೆದಿಟ್ಟನು; ಆದರೆ ಒಲ್ಲೆನೆನ್ನುವ ಹಕ್ಕು ಕಾನೂನಿನಲ್ಲಿ ಅವರಿಗೆ ಇರಲಿಲ್ಲ. ಆ ಹಕ್ಕು ಅವರ ಒಡೆಯರದು.

ಲೂಸಿ ಮೊದಲ ಶಸ್ತ್ರಕ್ರಿಯೆಯ ಬಳಿಕ ನಂಜೇರಿ ಸಾವಿನ ಬಾಗಿಲನ್ನು ಮುಟ್ಟಿ ಬಂದಳು. ಹದಿಹರೆಯದ ಅನಾರ್ಕಾ ಸುಮಾರು 30 ಬಾರಿ ಕತ್ತಿಗೆ ಮೈಯೊಡ್ಡಬೇಕಾಯಿತು. 1846ರಲ್ಲಿಯೇ ಬಾಸ್ಟನ್ ನಗರದಲ್ಲಿ ಈಥರ್ ಬಳಸಿ ನೋವಿಲ್ಲದ ಶಸ್ತ್ರಕ್ರಿಯೆ ನಡೆದಿತ್ತು. ಇವರಿಗೆ ಮಾತ್ರ ಆ ಕರುಣೆ ದೊರೆಯಲಿಲ್ಲ. ಕರಿಯ ಜನರಿಗೆ ನೋವು ಕಡಮೆಯೆಂಬ ಭ್ರಮೆ ಅಂದಿನ ವೈದ್ಯರಲ್ಲಿ ಬೇರೂರಿತ್ತು. ಜೊತೆಗಿದ್ದ ವೈದ್ಯರು ಬೇಸತ್ತು ಹಿಂದೆ ಸರಿದಾಗ, ಆ ಸ್ತ್ರೀಯರೇ ಒಬ್ಬರ ಸರದಿಗೆ ಮತ್ತೊಬ್ಬರು ಸಹಾಯಕರಾಗಿ ನಿಂತರು. 1849ರಲ್ಲಿ ಬೆಳ್ಳಿಯ ತಂತಿಯಿಂದ ಹಾಕಿದ ಹೊಲಿಗೆ ಕಡೆಗೂ ಕೂಡಿಕೊಂಡಿತು. ಅನಾರ್ಕಾ ಗುಣಮುಖಳಾದಳು.

ಕೀರ್ತಿಯೆಲ್ಲ ಸಿಮ್ಸನಿಗೆ ಸಂದಿತು. 1855ರಲ್ಲಿ ನ್ಯೂಯಾರ್ಕಿನಲ್ಲಿ ಆತನ ಶ್ರಮದಿಂದ ಸ್ತ್ರೀಯರ ಆಸ್ಪತ್ರೆ ತೆರೆಯಿತು. 1876ರಲ್ಲಿ ಅಮೆರಿಕದ ವೈದ್ಯಸಂಘದ ಅಧ್ಯಕ್ಷಪದವಿ ದೊರೆಯಿತು. 1883ರಲ್ಲಿ ಆತ ಕಾಲವಾದನು. 1894ರಲ್ಲಿ ಅದೇ ನಗರದಲ್ಲಿ ಆತನ ಪ್ರತಿಮೆ ಎದ್ದಿತು. 2018ರಲ್ಲಿ, ಜನರ ಆಗ್ರಹಕ್ಕೆ ಮಣಿದು, ನಗರವೇ ಅದನ್ನು ಪೀಠದಿಂದ ಇಳಿಸಿತು. 2021ರಲ್ಲಿ ಮಾಂಟ್ಗೊಮೆರಿಯಲ್ಲಿ ಆ ಮೂವರು ಸ್ತ್ರೀಯರ ಪ್ರತಿಮೆಗಳು ತಲೆಯೆತ್ತಿದವು.

ಆತನ ಹೊಲಿಗೆಯಿಂದ ಅಸಂಖ್ಯ ತಾಯಂದಿರು ಬದುಕಿಗೆ ಮರಳಿದ್ದು ಸುಳ್ಳಲ್ಲ. ಆದರೆ ಆ ಉಪಕಾರದ ಬೆಲೆಯನ್ನು ತೆತ್ತವರು ಬೇರೆ, ಹೊಗಳಿಕೆ ಪಡೆದವನು ಬೇರೆ. ಅಂದಿನಿಂದ ಯಾವ ವೈದ್ಯನ ಚರಿತ್ರೆಯನ್ನು ಕೈಗೆತ್ತಿಕೊಂಡರೂ, ಆತನ ಮುಂದೆ ಮಲಗಿದ್ದವರ ಹೆಸರನ್ನು ನಾನು ಮೊದಲು ಹುಡುಕುತ್ತೇನೆ. ಬಹುಪಾಲು ಪುಸ್ತಕಗಳಲ್ಲಿ ಅದು ಸಿಗುವುದಿಲ್ಲ.