ಸರ್ ರೊನಾಲ್ಡ್ ರಾಸರ ಲೆಕ್ಕ

ಕೆನರಾ ಜಿಲ್ಲೆಗೆ ವರ್ಗವಾಯಿತೆಂದರೆ ಒಂದು ಕಾಲದಲ್ಲಿ ಸರಕಾರಿ ನೌಕರನ ಮನೆಯಲ್ಲಿ ಚಳಿಜ್ವರದ ಮಾತೇ ಮೊದಲು ಏಳುತ್ತಿದ್ದಿತು. ಆ ಜ್ವರವು ಸೊಳ್ಳೆಯಿಂದ ಹರಡುವುದೆಂದು ಸಿದ್ಧಪಡಿಸಿ 1902ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಸರ್ ರೊನಾಲ್ಡ್ ರಾಸರನ್ನು ವಾಚಕರು ಬಲ್ಲರು. ಅವರ ಸೂಕ್ಷ್ಮದರ್ಶಕಕ್ಕಿಂತ ಅವರ ಲೇಖನಿಯ ಲೆಕ್ಕವೇ ಹಿರಿದೆಂದು ನಮಗೆ ತೋರುತ್ತದೆ.

ರಾಸರು ಹುಟ್ಟಿದುದು 1857ರ ಮೇ 13ರಂದು, ಮೀರತ್ತಿನಲ್ಲಿ ಸಿಪಾಯಿಗಳು ಎದ್ದ ಮೂರು ದಿನಗಳ ಮೇಲೆ, ಆಲ್ಮೋರಾದಲ್ಲಿ. ತಂದೆ ಆಂಗ್ಲ ಸೇನಾಧಿಕಾರಿ. ಕಾವ್ಯ, ಗಣಿತಗಳಲ್ಲಿ ಆಸಕ್ತನಾದ ತರುಣನು 1881ರಲ್ಲಿ ವೈದ್ಯಕೀಯ ನೌಕರಿಗೆ ಸೇರಿದನು. 1883ರಲ್ಲಿ ಬೆಂಗಳೂರಿನ ದಂಡಿನಲ್ಲಿರುವಾಗ ತನ್ನ ಬಂಗಲೆಯ ಕಿಟಕಿಯ ಹೊರಗಿನ ನೀರಿನ ತೊಟ್ಟಿಯಲ್ಲಿ ಸೊಳ್ಳೆಯ ಮರಿಗಳನ್ನು ಕಂಡು ಅದನ್ನು ಬರಿದುಮಾಡಿಸಲು, ಕಾಟವು ಬಹಳಷ್ಟು ಇಳಿಯಿತು. ಮೇಲಧಿಕಾರಿಗೆ ಈ ಉಪಾಯವು ರುಚಿಸಲಿಲ್ಲ.

1895ರಲ್ಲಿ ಮಲೇರಿಯಾ ಸಂಶೋಧನೆಯ ನಡುವೆ ಅವರನ್ನು ಕಾಲರಾ ನಿಗ್ರಹಕ್ಕೆಂದು ಪುನಃ ಬೆಂಗಳೂರಿಗೆ ಕಳುಹಲಾಯಿತು. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದಲ್ಲಿ ರೋಗಾಣು ಕಾಣಿಸಿತು. ಆ ಸೊಳ್ಳೆಗಳಿಗೆ ಮೈಯೊಡ್ಡಿದವನು ಹುಸೇನ್ ಖಾನನೆಂಬ ರೋಗಿ. ಕೂಲಿಯು ಸೊಳ್ಳೆಗೊಂದು ಆಣೆ. ಪಾರಿತೋಷಕದ ಕಥೆಯಲ್ಲಿ ಅವನ ಹೆಸರನ್ನು ಎಷ್ಟು ಜನರು ಎತ್ತುತ್ತಾರೆ? ಶೋಧವಾಗಿ ತಿಂಗಳು ತುಂಬುವಷ್ಟರಲ್ಲಿಯೇ ಸರಕಾರವು ರಾಸರನ್ನು ರಾಜಪುತಾನದ ಖೇರವಾಡಾಕ್ಕೆ ಎತ್ತಿಹಾಕಿತು!

ಲೆಕ್ಕದ ಕಾರ್ಯವು ಬಲಿತುದು ಜಗಳದಿಂದ. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಸೊಳ್ಳೆಯ ನಿಗ್ರಹವು ಫಲಿಸಲಿಲ್ಲವೆಂದು ಅಧಿಕಾರಿಗಳು ಸಾರಿದರು. ಅಷ್ಟು ಕಿರಿದಾದ ಪ್ರದೇಶಕ್ಕೆ ಹೊರಗಿನಿಂದ ಸೊಳ್ಳೆ ಹಾರಿಬಾರದೆ ಇರುವುದೇ ಎಂಬುದು ರಾಸರ ವಾದ. 1904ರಲ್ಲಿ ಅಮೆರಿಕೆಯ ಸೇಂಟ್ ಲೂಯಿಯಲ್ಲಿ ಅದನ್ನು ಗಣಿತದಿಂದ ಸಮರ್ಥಿಸಿದರು. ಮುಂದೆ ಮಾರಿಷಸ್ಸಿನ ವರದಿಯಲ್ಲಿಯೂ 1911ರ ಗ್ರಂಥದಲ್ಲಿಯೂ ಜನಸಂಖ್ಯೆ, ರೋಗಿಗಳು, ಸೊಳ್ಳೆಗಳು ಇವುಗಳನ್ನು ಸಮೀಕರಣಕ್ಕಿಳಿಸಿ, ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ, ಒಂದು ಮಿತಿಗಿಂತ ಕೆಳಗಿಳಿಸಿದರೆ ರೋಗವು ತಾನೇ ಅಳಿಯುವುದೆಂದು ತೋರಿಸಿದರು. ಇವರೊಡನೆ 1901ರಲ್ಲಿ ಸಿಯೆರಾ ಲಿಯೋನಿಗೆ ಹೋಗಿದ್ದ ಮೆಕೆಂಡ್ರಿಕ್ ಎಂಬ ವೈದ್ಯರು ಕೆರ್ಮ್ಯಾಕರೊಡಗೂಡಿ 1927ರಲ್ಲಿ ಆ ವಿದ್ಯೆಯನ್ನು ಬೆಳೆಸಿದರು. ತಮ್ಮ ಸೂತ್ರವನ್ನು ಅವರು ಒರೆಗೆ ಹಚ್ಚಿದುದು 1905-06ರ ಮುಂಬಯಿಯ ಪ್ಲೇಗಿನಲ್ಲಿ ಸತ್ತವರ ಸಂಖ್ಯೆಯ ಮೇಲೆ. ಸತ್ತವರು ನಮ್ಮವರು.

ರಾಸರು 1932ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. 1940ರ ದಶಕದಲ್ಲಿ ಡಾ. ಡಿ. ಕೆ. ವಿಶ್ವನಾಥನ್ನರ ನೇತೃತ್ವದಲ್ಲಿ ಕೆನರಾ, ಧಾರವಾಡ ಜಿಲ್ಲೆಗಳ ಮನೆಗಳಿಗೆ ಡಿ.ಡಿ.ಟಿ. ಸಿಂಪಡಿಸಿ ಚಳಿಜ್ವರವನ್ನು ಹಿಮ್ಮೆಟ್ಟಿಸಲಾಯಿತು. 2020ರ ಕೊರೋನಾ ಪಿಡುಗಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಮುಂಬಯಿಯ ಟಾಟಾ ಸಂಸ್ಥೆಯವರೂ ಮನೆ, ಶಾಲೆ, ಕಚೇರಿಗಳೊಡನೆ ಇಡಿಯ ನಗರವನ್ನು ಗಣಕಯಂತ್ರದೊಳಗೆ ಕಲ್ಪಿಸಿ, ಯಾವ ನಿರ್ಬಂಧದಿಂದ ರೋಗವು ಎಷ್ಟು ತಗ್ಗೀತೆಂದು ಎಣಿಸಿ ನೋಡಿದರು. ರಾಸರು ಆ ತೊಟ್ಟಿಯನ್ನು ಬರಿದುಮಾಡಿಸಿದ ಊರೂ ಇದೇ ಬೆಂಗಳೂರು.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು, ಇಡಗುಂಜಿಯಿರುವ ಹೊನ್ನಾವರ ತಾಲೂಕಿನ ಕಾಡಂಚಿನ ಹಳ್ಳಿಗಳನ್ನೂ ಬಿಟ್ಟಿಲ್ಲ. ಅಲ್ಲಿ ಸೊಳ್ಳೆಯ ಸ್ಥಾನದಲ್ಲಿ ಉಣ್ಣಿ ಇದೆ. ಮಂಗ, ದನ, ದರಕು ತರಲು ಕಾಡಿಗೆ ಹೋಗುವ ರೈತ, ಎಲ್ಲರೂ ಲೆಕ್ಕಕ್ಕೆ ಬರಬೇಕು. ಆ ಲೆಕ್ಕವು ಮಂಗಗಳು ಸತ್ತುಬೀಳುವುದಕ್ಕೆ ಮೊದಲೇ, ಮಳೆಗಾಲ ಮುಗಿದೊಡನೆ, ತಾಲೂಕು ಕಚೇರಿಯ ಮೇಜಿನ ಮೇಲಿರಬೇಕು.