ಕ್ವಾಯ್ ಸೇತುವೆಯ ಅಸಲಿ ಕರ್ನಲ್

ಸೈನಿಕರು ಸಾಲಾಗಿ ಹೆಜ್ಜೆ ಹಾಕ್ತಾ ಶಿಳ್ಳೆ ಹೊಡೆಯೋ ಒಂದು ಟ್ಯೂನ್ ಇದೆ. ಅದು ಯಾವ ಸಿನಿಮಾದ್ದು ಅಂತ ಗೊತ್ತಿಲ್ಲದವರೂ ಎಲ್ಲೋ ಒಂದು ಕಡೆ ಕೇಳಿರ್ತಾರೆ. ಆ ಟ್ಯೂನ್‌ನ ಜಗತ್ತಿಗೆಲ್ಲ ಹಬ್ಬಿಸಿದ್ದು 1957ರಲ್ಲಿ ಬಂದ ದ ಬ್ರಿಡ್ಜ್ ಆನ್ ದ ರಿವರ್ ಕ್ವಾಯ್. ನಿರ್ದೇಶಕರು ಡೇವಿಡ್ ಲೀನ್. ಇದೇ ಲೀನ್ 80ರ ದಶಕದಲ್ಲಿ ಎ ಪ್ಯಾಸೇಜ್ ಟು ಇಂಡಿಯಾ ಚಿತ್ರೀಕರಣಕ್ಕೆ ನಮ್ಮ ಬೆಂಗಳೂರಿಗೂ ರಾಮನಗರದ ಬಂಡೆಗಳ ಕಡೆಗೂ ಬಂದಿದ್ದರು.

ಕ್ವಾಯ್ ಸಿನಿಮಾದ ಕಥೆ ಸಿಂಪಲ್. ನಿಕೋಲ್ಸನ್ ಅನ್ನೋ ಬ್ರಿಟಿಷ್ ಕರ್ನಲ್ ತನ್ನ ಸೈನಿಕರ ಜೊತೆ ಜಪಾನೀಯರ ಕೈಗೆ ಸಿಕ್ಕಿಬೀಳ್ತಾನೆ. ಕಾಡಿನಲ್ಲಿ ರೈಲ್ವೆ ಸೇತುವೆ ಕಟ್ಟೋಕೆ ಅವರನ್ನ ಹಚ್ಚುತ್ತಾರೆ. ಕಟ್ಟುತ್ತಾ ಕಟ್ಟುತ್ತಾ ಅವನಿಗೆ ಆ ಸೇತುವೆ ಮೇಲೇ ಮೋಹ ಹತ್ತಿಬಿಡುತ್ತೆ. ಅದು ಶತ್ರುವಿನ ಸೇತುವೆ ಅನ್ನೋದೇ ಮರೆತುಹೋಗುತ್ತೆ.

ಸೇತುವೆ ನಿಜವಾಗಿಯೂ ಇದೆ. ಅದನ್ನು ಕಟ್ಟಿದ ಕ್ಯಾಂಪಿನಲ್ಲಿ ಕೈದಿಗಳಿಗೆಲ್ಲ ಹಿರಿಯ ಅಧಿಕಾರಿಯಾಗಿ ಒಬ್ಬ ಬ್ರಿಟಿಷ್ ಲೆಫ್ಟಿನೆಂಟ್ ಕರ್ನಲ್ ಇದ್ದದ್ದೂ ನಿಜ. ಅವರ ಹೆಸರು ಫಿಲಿಪ್ ಟೂಸಿ. ಆದ್ರೆ ಅವರಿಗೂ ನಿಕೋಲ್ಸನ್‌ಗೂ ಅಜಗಜಾಂತರ. ಸಿವಿಲ್, ಮೆಕ್ಯಾನಿಕಲ್, ಸಿಎಸ್ ಅಂತ ಬ್ರಾಂಚ್ ಯಾವುದಾದ್ರೂ ಇರಲಿ, ನಾವೆಲ್ಲ ಅವರ ಕಥೆ ತಿಳಿದುಕೊಳ್ಳಬೇಕು ಅಂತ ನಮಗನಿಸಿತು.

ಬ್ಯಾಂಕಿನಿಂದ ಯುದ್ಧಕ್ಕೆ

ಟೂಸಿ ಹುಟ್ಟಿದ್ದು 1904ರ ಆಗಸ್ಟ್ 12ರಂದು, ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ. ನದಿ ದಾಟಿದರೆ ಲಿವರ್‌ಪೂಲ್. ಓದಿನಲ್ಲಿ ಚುರುಕು. ಕೇಂಬ್ರಿಡ್ಜ್‌ಗೆ ಹೋಗೋ ಅವಕಾಶ ಇತ್ತು, ಅಪ್ಪ ಒಪ್ಪಲಿಲ್ಲ. ಹಾಗಾಗಿ ಸೋದರ ಸಂಬಂಧದ ಹಿರಿಯರೊಬ್ಬರ ಹತ್ತಿ ವ್ಯಾಪಾರದ ಕಂಪನಿಯಲ್ಲಿ ಕೆಲಸ ಕಲಿಯೋಕೆ ಸೇರಿದರು. 1929ರಲ್ಲಿ ಬೇರಿಂಗ್ಸ್ ಬ್ಯಾಂಕಿನ ಲಿವರ್‌ಪೂಲ್ ಶಾಖೆಗೆ ಬಂದರು. ಅಂದರೆ ಅವರು ಎಂಜಿನಿಯರ್ ಅಲ್ಲ, ಪೂರ್ಣಾವಧಿ ಸೈನಿಕರೂ ಅಲ್ಲ. ಲೆಕ್ಕ, ಸಾಲ, ಜನ ಇವುಗಳ ನಡುವೆ ಪಳಗಿದವರು.

ಇದರ ಜೊತೆಗೇ ಟೆರಿಟೋರಿಯಲ್ ಆರ್ಮಿಯಲ್ಲಿದ್ದರು. ನಮ್ಮ ಧೋನಿಗೆ ಗೌರವ ಲೆಫ್ಟಿನೆಂಟ್ ಕರ್ನಲ್ ಪದವಿ ಕೊಟ್ಟ ಟೆರಿಟೋರಿಯಲ್ ಆರ್ಮಿ ಇದೆಯಲ್ಲ, ಅದರ ಬ್ರಿಟಿಷ್ ಅಣ್ಣ ಅಂದುಕೊಳ್ಳಿ. ಕೆಲಸ ಬಿಡದೆ, ಬಿಡುವಿನಲ್ಲಿ ತರಬೇತಿ. ಎರಡನೇ ಮಹಾಯುದ್ಧ ಶುರುವಾದಾಗ ಟೂಸಿ ಬೆಲ್ಜಿಯಂಗೆ ಹೋದರು, 1940ರಲ್ಲಿ ಡನ್‌ಕರ್ಕ್‌ನಿಂದ ಜೀವ ಉಳಿಸಿಕೊಂಡು ಬಂದರು. 1941ರಲ್ಲಿ ಒಂದು ಫಿರಂಗಿ ರೆಜಿಮೆಂಟಿನ ಹೊಣೆ ಹೊತ್ತು ಪೂರ್ವಕ್ಕೆ ಹಡಗು ಹತ್ತಿದರು.

ಅವರು ಸಿಂಗಪುರ ತಲುಪೋ ಹೊತ್ತಿಗೆ ಆಟ ಮುಗಿಯುತ್ತಾ ಬಂದಿತ್ತು. 1942ರ ಫೆಬ್ರವರಿ 12ರಂದು ಮೇಲಿನಿಂದ ಆದೇಶ ಬಂತು. ಸಿಂಗಪುರ ಬೀಳೋದು ಖಚಿತ, ಅನುಭವಿ ಅಧಿಕಾರಿಗಳು ಮುಂದೆ ಬೇಕಾಗ್ತಾರೆ, ನೀವು ಹೊರಡಿ ಅಂತ. ಟೂಸಿ ಹೊರಡಲಿಲ್ಲ. ತಮ್ಮ ಜನರನ್ನು ಬಿಟ್ಟು ಹೋಗೋದು ಅವರಿಗೆ ಸರಿ ಅನಿಸಲಿಲ್ಲ. ಮೂರು ದಿನಕ್ಕೆ, ಫೆಬ್ರವರಿ 15ರಂದು, ಸಿಂಗಪುರ ಶರಣಾಯಿತು. ಬ್ರಿಟಿಷ್, ಆಸ್ಟ್ರೇಲಿಯನ್, ಭಾರತೀಯ ಸೈನಿಕರೆಲ್ಲ ಒಟ್ಟಿಗೆ ಸೆರೆಯಾದರು. ನಮ್ಮ ಮೈಸೂರು ಸಂಸ್ಥಾನದ ಪದಾತಿ ದಳದವರೂ ಅವರಲ್ಲಿದ್ದರು. ಭಾರತೀಯರನ್ನು ಬೇರೆ ಮಾಡಿದರು. ಅವರಲ್ಲಿ ಎಷ್ಟೋ ಜನ ಆಜಾದ್ ಹಿಂದ್ ಫೌಜ್ ಸೇರಿದರು, ಇನ್ನೆಷ್ಟೋ ಜನರನ್ನು ದೂರದ ನ್ಯೂ ಗಿನಿ ದ್ವೀಪದವರೆಗೆ ಕೂಲಿಗೆ ಸಾಗಿಸಿದರು.

415 ಕಿಲೋಮೀಟರ್

ಜಪಾನಿಗೆ ಬರ್ಮಾದಲ್ಲಿದ್ದ ತನ್ನ ಸೇನೆಗೆ ಸಾಮಾನು ತಲುಪಿಸಬೇಕಿತ್ತು. ಸಮುದ್ರದಲ್ಲಿ ಹೋದರೆ ಸಬ್‌ಮರೀನ್ ಕಾಟ. ಹಾಗಾಗಿ ಥಾಯ್ಲೆಂಡಿನಿಂದ ಬರ್ಮಾಕ್ಕೆ ಕಾಡು ಬೆಟ್ಟ ಸೀಳಿ ರೈಲು ಹಳಿ ಹಾಕೋದು ಅಂತ ತೀರ್ಮಾನವಾಯಿತು. ಉದ್ದ 415 ಕಿಲೋಮೀಟರ್. ಹೆಚ್ಚುಕಡಿಮೆ ಬೆಂಗಳೂರಿನಿಂದ ಹುಬ್ಬಳ್ಳಿ ದೂರ. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗೋ ಘಾಟ್ ಲೈನ್ ನೋಡಿದವರಿಗೆ ಅಂಥ ಜಾಗ ಹೇಗಿರುತ್ತೆ ಅಂತ ಅಂದಾಜಿರುತ್ತೆ. ಬಂಡೆ, ಕಣಿವೆ, ಬಿಡದ ಮಳೆ, ಜಿಗಣೆ. ಥಾಯ್ಲೆಂಡ್ ಕಡೆಯ ಕೆಲಸ 1942ರ ದ್ವಿತೀಯಾರ್ಧದಲ್ಲಿ ಶುರುವಾಗಿ, ಎರಡು ಕಡೆಯ ಹಳಿ 1943ರ ಅಕ್ಟೋಬರ್ 17ರಂದು ಕೂಡಿತು. ಅಷ್ಟು ಕಡಿಮೆ ಸಮಯದಲ್ಲಿ ಮುಗಿಸೋಕೆ ಯಂತ್ರಗಳಿರಲಿಲ್ಲ, ಇದ್ದದ್ದು ಮನುಷ್ಯರು. 60,000ಕ್ಕೂ ಹೆಚ್ಚು ಯುದ್ಧಕೈದಿಗಳು, ಅವರ ಜೊತೆ ಸುಮಾರು ಎರಡು ಲಕ್ಷ ಏಷ್ಯಾದ ಕೂಲಿಕಾರರು.

ಟೂಸಿ ಇದ್ದ ಕ್ಯಾಂಪಿನ ಹೆಸರು ತಮರ್ಕಾನ್, ಕಾಂಚನಬುರಿ ಊರಿನ ಹತ್ತಿರ. ಅಲ್ಲಿ ನದಿಗೆ ಎರಡು ಸೇತುವೆ ಆಗಬೇಕಿತ್ತು. ಮೊದಲು ತಾತ್ಕಾಲಿಕವಾಗಿ ಮರದ್ದು, ಆಮೇಲೆ ಕಾಂಕ್ರೀಟ್ ಪಿಲ್ಲರ್ ಮೇಲೆ ಉಕ್ಕಿನದ್ದು. ಸಿನಿಮಾದಲ್ಲಿ ಜಪಾನೀ ಎಂಜಿನಿಯರ್‌ಗಳಿಗೆ ಏನೂ ಬರಲ್ಲ, ಬ್ರಿಟಿಷರೇ ಡಿಸೈನ್ ಮಾಡಿಕೊಡ್ತಾರೆ ಅನ್ನೋ ಥರ ತೋರಿಸಿದ್ದಾರೆ. ಅದು ಸುಳ್ಳು. ಡಿಸೈನ್, ಸರ್ವೆ ಎಲ್ಲ ಜಪಾನೀಯರದ್ದೇ, ಅವರಿಗೆ ಕೆಲಸ ಚೆನ್ನಾಗಿ ಗೊತ್ತಿತ್ತು. ಉಕ್ಕಿನ 11 ಟ್ರಸ್ ಸ್ಪ್ಯಾನ್‌ಗಳನ್ನು ಜಾವಾದಿಂದ ಬಿಚ್ಚಿ ತಂದಿದ್ದರು.

ಕೈದಿಗಳ ಪಾಲಿಗೆ ಬಂದದ್ದು ಮೈಮುರಿಯೋ ಕೆಲಸ. ಈಗ ನಮ್ಮ ಮೆಟ್ರೋ ಸೈಟಿನಲ್ಲಿ ಪೈಲಿಂಗ್‌ಗೆ ರಿಗ್ ಬಂದು ನಿಲ್ಲುತ್ತೆ. ಅಲ್ಲಿ ಭಾರವಾದ ಗುಂಡನ್ನು ಹಗ್ಗ ಕಟ್ಟಿ ಹತ್ತಾರು ಜನ ಒಟ್ಟಿಗೆ ಎಳೆದು ಮೇಲೆತ್ತಬೇಕು, ಒಟ್ಟಿಗೆ ಬಿಡಬೇಕು, ಮರದ ಕಂಬ ಒಂಚೂರು ಕೆಳಗಿಳಿಯುತ್ತೆ. ಮತ್ತೆ ಎಳೆಯಬೇಕು. ಬೆಳಗಿಂದ ಸಂಜೆವರೆಗೂ ಇದೇ.

ಅತ್ತ ದರಿ, ಇತ್ತ ಪುಲಿ

ಇಲ್ಲಿ ಟೂಸಿ ಮುಂದೆ ಇದ್ದ ಪ್ರಶ್ನೆ ನೋಡಿ. ಕೆಲಸ ಮಾಡಿದರೆ ಶತ್ರುವಿಗೆ ಸಹಾಯ. ಮಾಡಲ್ಲ ಅಂದರೆ ಹೊಡೆತ, ಉಪವಾಸ, ಸಾವು. ಯುದ್ಧಕೈದಿಗಳ ಬಗ್ಗೆ 1929ರ ಜಿನೀವಾ ಒಪ್ಪಂದ ಇತ್ತು, ಆದ್ರೆ ಜಪಾನ್ ಸಹಿ ಮಾಡಿದ್ದು ಬಿಟ್ಟರೆ ಅದನ್ನು ಅನುಮೋದಿಸಿರಲಿಲ್ಲ. ಕಾನೂನು ಹೇಳಿ ಗೆಲ್ಲೋ ಹಾಗಿರಲಿಲ್ಲ.

ಟೂಸಿ ತಮ್ಮ ಗುರಿಯನ್ನ ಒಂದೇ ಒಂದಕ್ಕೆ ಇಳಿಸಿದರು. ಆದಷ್ಟು ಹೆಚ್ಚು ಜನ ಜೀವಂತ ಮನೆಗೆ ಹೋಗಬೇಕು. ಉಳಿದದ್ದೆಲ್ಲ ಆ ಗುರಿಗೆ ತಕ್ಕಂತೆ. ಹೊಟ್ಟೆಗಿದ್ದರೆ, ವಾರಕ್ಕೊಂದು ರಜೆ ಇದ್ದರೆ, ಸುಮ್ಮಸುಮ್ಮನೆ ಹೊಡೆಯದಿದ್ದರೆ ಕೆಲಸವೂ ಜಾಸ್ತಿ ಆಗುತ್ತೆ ಅಂತ ಜಪಾನೀಯರನ್ನು ಒಪ್ಪಿಸೋಕೆ ಪ್ರತಿದಿನ ಹೋಗ್ತಿದ್ದರು. ಎಷ್ಟೋ ಸಲ ಅದಕ್ಕೆ ಸಿಕ್ಕ ಉತ್ತರ ಏಟು. ಮರುದಿನ ಮತ್ತೆ ಹೋಗ್ತಿದ್ದರು. ಕೈದಿಗಳ ಮೇಲೆ ಕಾವಲುಗಾರರು ಕೈ ಎತ್ತಿದರೆ ಹತ್ತಿರ ಇರೋ ಅಧಿಕಾರಿ ಮಧ್ಯೆ ಹೋಗಲೇಬೇಕು ಅಂತ ತಮ್ಮವರಿಗೆ ಹೇಳಿಟ್ಟಿದ್ದರು.

ಬ್ರಿಟಿಷ್ ಸೈನ್ಯದಲ್ಲಿ ಅಧಿಕಾರಿಗಳಿಗೆ ಬೇರೆ ಮೆಸ್ ಇರೋದು ರೂಢಿ. ತಮರ್ಕಾನ್‌ನಲ್ಲಿ ಟೂಸಿ ಅದನ್ನು ತೆಗೆದುಹಾಕಿದರು. ಊಟ, ವಾಸ ಎಲ್ಲರಿಗೂ ಒಂದೇ. ಅಧಿಕಾರಿಗಳಿಗೆ ಸಿಗ್ತಿದ್ದ ಅಲ್ಪಸ್ವಲ್ಪ ಸಂಬಳದಲ್ಲಿ ಒಂದು ಪಾಲು ಸಾಮೂಹಿಕ ನಿಧಿಗೆ. ಆ ದುಡ್ಡಿನಲ್ಲಿ ಹೊರಗಿನಿಂದ ಬಾತುಕೋಳಿ ಮೊಟ್ಟೆ, ತರಕಾರಿ. ಬರೀ ಪಾಲಿಶ್ ಅಕ್ಕಿ ತಿಂದರೆ ಬಿ1 ವಿಟಮಿನ್ ಇಲ್ಲದೆ ಬೆರಿಬೆರಿ ಬಂದು ಕಾಲು ಊದಿಕೊಳ್ತಿತ್ತು. ಮೊಟ್ಟೆ ಅಲ್ಲಿ ಔಷಧಿ ಇದ್ದ ಹಾಗೆ.

ಇನ್ನೊಂದು, ಕಕ್ಕಸು. ಓದೋಕೆ ಹೇಸಿಗೆ ಅನಿಸಬಹುದು, ಆದ್ರೆ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ಆಮಶಂಕೆ, ಕಾಲರಾ, ಮಲೇರಿಯಾ. ಬಿದಿರಿನ ಗೀರು ಬಿದ್ದರೂ ಸಾಕು, ಹುಣ್ಣಾಗಿ ಮೂಳೆ ಕಾಣುವವರೆಗೆ ಕೊಳೆತು ಕಾಲು ಕತ್ತರಿಸಬೇಕಾಗ್ತಿತ್ತು. ಹಾಗಾಗಿ ಟೂಸಿ ಶಿಸ್ತಿನ ಬಗ್ಗೆ ತುಂಬಾ ಕಟ್ಟುನಿಟ್ಟು. ಕಕ್ಕಸು ಗುಂಡಿ ಸರಿಯಾಗಿ ತೋಡಬೇಕು, ನೀರು ಕುದಿಸಲೇಬೇಕು, ಕ್ಯಾಂಪ್ ಗುಡಿಸಿರಬೇಕು. ಬೈಸಿಕೊಂಡವರೇ ಮುಂದೆ ಅದರಿಂದಲೇ ಉಳಿದೆವು ಅಂತ ನೆನೆದರು.

ಸಿನಿಮಾದವನ ಹಾಗೆ ಇವರಿಗೆ ಸೇತುವೆ ಮೇಲೆ ಮೋಹವೇನೂ ಇರಲಿಲ್ಲ. ಕೈದಿಗಳು ಗೆದ್ದಲು ಹಿಡಿದು ತಂದು ಮರದ ತೊಲೆಗಳಿಗೆ ಬಿಡ್ತಿದ್ದರು. ಕಾಂಕ್ರೀಟ್ ಮಿಕ್ಸ್ ಬೇಕಂತಲೇ ಕೆಡಿಸ್ತಿದ್ದರು. ಇಬ್ಬರು ಅಧಿಕಾರಿಗಳು ತಪ್ಪಿಸಿಕೊಂಡಾಗ ಟೂಸಿ 48 ಗಂಟೆ ವಿಷಯ ಮುಚ್ಚಿಟ್ಟರು. ಒಂದು ತಿಂಗಳಲ್ಲಿ ಅವರು ಸಿಕ್ಕಿಬಿದ್ದರು, ಬಯೋನೆಟ್‌ನಿಂದ ತಿವಿದು ಕೊಂದರು. ಮುಚ್ಚಿಟ್ಟಿದ್ದಕ್ಕೆ ಟೂಸಿಗೂ ಶಿಕ್ಷೆಯಾಯಿತು.

ಒಳಗಿನ ಈ ಹೋರಾಟಕ್ಕೆ ಹೊರಗಿನಿಂದ ಕೈ ಜೋಡಿಸಿದವರು ಬೂನ್‌ಪಾಂಗ್, ಕಾಂಚನಬುರಿಯ ಥಾಯ್ ವರ್ತಕ. ಕ್ಯಾಂಪಿಗೆ ತರಕಾರಿ ಸರಬರಾಜು ಮಾಡೋ ನೆಪದಲ್ಲಿ ಮಾತ್ರೆ, ಹಣ, ಕದ್ದು ಕೇಳ್ತಿದ್ದ ರೇಡಿಯೋಗೆ ಬ್ಯಾಟರಿ ಸಾಗಿಸ್ತಿದ್ದರು. ಸಿಕ್ಕಿಬಿದ್ದಿದ್ದರೆ ಇಡೀ ಮನೆಯವರ ಪ್ರಾಣ ಹೋಗ್ತಿತ್ತು. ಯುದ್ಧ ಮುಗಿದ ಮೇಲೆ ಅವರ ಬಸ್ ವ್ಯಾಪಾರ ಕಷ್ಟಕ್ಕೆ ಸಿಕ್ಕಾಗ ಮಾಜಿ ಕೈದಿಗಳು ದುಡ್ಡು ಸೇರಿಸಿ ಕಳಿಸಿದರು.

ಟೂಸಿ ಇಲ್ಲದವರು

1943ರ ಮಧ್ಯಕ್ಕೆ ಎರಡೂ ಸೇತುವೆ ಮುಗಿದು ತಮರ್ಕಾನ್ ಆಸ್ಪತ್ರೆ ಕ್ಯಾಂಪ್ ಆಯಿತು. ಕಾಡಿನ ಒಳಗಿನ ಕ್ಯಾಂಪುಗಳಿಂದ ರೋಗಿಗಳು ಬರೋಕೆ ಶುರುವಾದರು. ಆಗ ಗೊತ್ತಾಗಿದ್ದು ಮೇಲಿನ ಪರಿಸ್ಥಿತಿ. ತಮರ್ಕಾನ್ ಬಯಲಿನಲ್ಲಿತ್ತು, ಪಕ್ಕದಲ್ಲಿ ಊರಿತ್ತು, ಅದೂ ಅವರ ಅದೃಷ್ಟ. ಒಳಗೆ ಮಳೆಗಾಲ, ಕಾಲರಾ, ಜೊತೆಗೆ ಡೆಡ್‌ಲೈನ್ ಹತ್ತಿರ ಬಂತು ಅಂತ ಹಗಲೂ ರಾತ್ರಿ ಕೆಲಸ. ಒಟ್ಟು ಯುದ್ಧಕೈದಿಗಳಲ್ಲಿ 12,000ಕ್ಕೂ ಹೆಚ್ಚು ಜನ, ಅಂದರೆ ಸುಮಾರು ಐದರಲ್ಲಿ ಒಬ್ಬರು, ಸತ್ತರು.

ಏಷ್ಯಾದ ಕೂಲಿಕಾರರ ಲೆಕ್ಕ ಇದಕ್ಕಿಂತ ಘೋರ. ಬರ್ಮಾದವರು, ಮಲಯದವರು, ಜಾವಾದವರು ಇದ್ದರು. ಮಲಯದ ರಬ್ಬರ್ ತೋಟಗಳಿಂದ ಬಂದ ತಮಿಳರು ತುಂಬಾ ಜನ. ಒಳ್ಳೆ ಸಂಬಳ ಅಂತ ನಂಬಿಸಿ ಕರೆತಂದರು, ಆಮೇಲೆ ಬಲವಂತವಾಗಿ ಹಿಡಿದು ತಂದರು. ಸಂಸಾರ ಸಮೇತ ಬಂದವರೂ ಇದ್ದರು. ಅವರಿಗೆ ಡಾಕ್ಟರ್ ಇಲ್ಲ, ಅವರ ಪರ ಮಾತಾಡೋ ಅಧಿಕಾರಿ ಇಲ್ಲ, ಕಕ್ಕಸು ಎಲ್ಲಿ ತೋಡಬೇಕು ಅಂತ ಹೇಳೋ ಒಬ್ಬರೂ ಇಲ್ಲ. ಅವರಲ್ಲಿ ಸತ್ತವರು ಸುಮಾರು 90,000 ಅಂತ ಅಂದಾಜು. ಅಂದಾಜೇ, ಯಾಕಂದ್ರೆ ಅವರ ಹೆಸರು ಬರೆದಿಟ್ಟವರೇ ಇಲ್ಲ. ಕಾಂಚನಬುರಿಯ ಯುದ್ಧ ಸ್ಮಶಾನದಲ್ಲಿ ಸುಮಾರು 7,000 ಕೈದಿಗಳ ಸಮಾಧಿಗಳಿವೆ, ಸಾಲುಸಾಲಾಗಿ, ಹೂವಿನ ಗಿಡಗಳ ನಡುವೆ. ತೋಟದ ಕೂಲಿಗಳಿಗೆ ಆ ಥರದ ಸಾಲು ಇಲ್ಲ.

ಅದೇ ಕಾಡು, ಅದೇ ಮಳೆ, ಅದೇ ರೋಗ. ಟೂಸಿ ಮಾಡಿದ್ದು ಎಷ್ಟು ದೊಡ್ಡದು ಅಂತ ನಮಗೆ ಅರ್ಥವಾಗಿದ್ದು ಈ ಲೆಕ್ಕ ನೋಡಿದ ಮೇಲೇ.

ಯುದ್ಧ ಮುಗಿದ ಮೇಲೆ

1945ರ ಆಗಸ್ಟಿನಲ್ಲಿ ಜಪಾನ್ ಶರಣಾದಾಗ ಟೂಸಿ ಬೇರೆ ಕಡೆ, ಅಧಿಕಾರಿಗಳ ಕ್ಯಾಂಪಿನಲ್ಲಿದ್ದರು. 79 ಕೆಜಿ ಇದ್ದವರು 47ರ ಆಸುಪಾಸಿಗೆ ಇಳಿದಿದ್ದರು. ನೇರವಾಗಿ ಮನೆಗೆ ಹೋಗೋ ಬದಲು ಸುಮಾರು 500 ಕಿಲೋಮೀಟರ್ ವಾಪಸ್ ಪ್ರಯಾಣ ಮಾಡಿ ತಮ್ಮ ಸೈನಿಕರು ಬಿಡುಗಡೆಯಾಗೋದನ್ನು ನೋಡಿದರು.

ತಮರ್ಕಾನ್ ಕ್ಯಾಂಪಿನಲ್ಲಿ ಸೈಟೋ ಅನ್ನೋ ಜಪಾನೀ ಸಾರ್ಜೆಂಟ್ ಮೇಜರ್ ಇದ್ದರು. ಕಟ್ಟುನಿಟ್ಟಿನವರು, ಆದ್ರೆ ಮಾತು ಕೇಳಿಸಿಕೊಳ್ತಿದ್ದವರು. ಯುದ್ಧಾಪರಾಧಗಳ ವಿಚಾರಣೆ ಸಮಯದಲ್ಲಿ ಟೂಸಿ ಅವರ ಪರವಾಗಿ ಹೇಳಿದರು, ಸೈಟೋ ಪಾರಾದರು. ಸಿನಿಮಾದವರು ಕ್ರೂರ ಕಮಾಂಡರ್ ಪಾತ್ರಕ್ಕೆ ಇದೇ ಹೆಸರಿಟ್ಟರು!

ಟೂಸಿ ಬ್ಯಾಂಕಿಗೆ ಮರಳಿದರು. ಸಿನಿಮಾ ಬಂದಾಗ ಮಾಜಿ ಕೈದಿಗಳಿಗೆ ಕೆಂಡದಂಥ ಕೋಪ, ಅವರು ಮಾತ್ರ ಹೆಚ್ಚು ಬಾಯಿ ಬಿಡಲಿಲ್ಲ. ಮಾಜಿ ಕೈದಿಗಳ ಒಕ್ಕೂಟದ ಅಧ್ಯಕ್ಷರಾಗಿ ಅವರ ಆರೋಗ್ಯಕ್ಕೆ ದುಡಿದರು. ಕಾಡಿನಲ್ಲಿ ಬರಿಗಾಲಲ್ಲಿ ಕೆಲಸ ಮಾಡಿದವರ ದೇಹಕ್ಕೆ ಹೊಕ್ಕ ಒಂದು ಜಾತಿಯ ಹುಳು 30 ವರ್ಷ ಆದ ಮೇಲೂ ಕರುಳಲ್ಲೇ ಬದುಕಿತ್ತು. ಅದನ್ನು ಪತ್ತೆ ಮಾಡಿ ಚಿಕಿತ್ಸೆ ಕೊಟ್ಟಿದ್ದು ಲಿವರ್‌ಪೂಲ್ ಉಷ್ಣವಲಯ ವೈದ್ಯಕೀಯ ಶಾಲೆ. ಆ ಸಂಸ್ಥೆಗೂ ಟೂಸಿ ಬೆನ್ನೆಲುಬಾಗಿ ನಿಂತರು. ಬೆಂಗಳೂರಿನಲ್ಲೂ ಕೆಲಸ ಮಾಡಿ, ಸೊಳ್ಳೆಯಿಂದ ಮಲೇರಿಯಾ ಅಂತ ಸಾಧಿಸಿದ ರೊನಾಲ್ಡ್ ರಾಸ್ ಮುಂದೆ ಪಾಠ ಮಾಡಿದ್ದು ಅದೇ ಶಾಲೆಯಲ್ಲಿ.

1974ರಲ್ಲಿ ಟೂಸಿಗೆ ಸರ್ ಪದವಿ ಬಂತು. 1975ರ ಡಿಸೆಂಬರ್ 22ರಂದು ತೀರಿಕೊಂಡರು. 1984ರಲ್ಲಿ ಸೈಟೋ ಜಪಾನಿನಿಂದ ಇಂಗ್ಲೆಂಡಿಗೆ ಬಂದು ಅವರ ಸಮಾಧಿ ಮುಂದೆ ನಿಂತರು.

ಉಕ್ಕಿನ ಸೇತುವೆ ಇವತ್ತೂ ಇದೆ, ರೈಲೂ ಓಡುತ್ತೆ. 1945ರ ಬಾಂಬ್ ದಾಳಿಯಲ್ಲಿ ಬಿದ್ದ ಭಾಗಕ್ಕೆ ಯುದ್ಧದ ನಂತರ ಹೊಸ ಸ್ಪ್ಯಾನ್ ಹಾಕಿದ್ದಾರೆ. ಜಾವಾದಿಂದ ತಂದವು ಕಮಾನಿನಂತೆ ಬಾಗಿವೆ, ಹೊಸ ಎರಡು ನೇರ. ಇನ್ನೂ ತಮಾಷೆ ಅಂದ್ರೆ, ಅಲ್ಲಿನ ನದಿ ಆಗ ಕ್ವಾಯ್ ಆಗಿರಲೇ ಇಲ್ಲ, ಮೆ ಕ್ಲಾಂಗ್ ಆಗಿತ್ತು. ಸಿನಿಮಾ ನೋಡಿ ಬಂದ ಪ್ರವಾಸಿಗರು ಕ್ವಾಯ್ ಎಲ್ಲಿ ಅಂತ ಕೇಳಿ ಕೇಳಿ, 60ರ ದಶಕದಲ್ಲಿ ಥಾಯ್ ಸರ್ಕಾರ ನದಿಯ ಆ ಭಾಗದ ಹೆಸರನ್ನೇ ಬದಲಾಯಿಸಿತು.

ನದಿಯ ಹೆಸರು ಬದಲಾಯಿತು, ಸೇತುವೆ ಫೋಟೋ ಪಾಯಿಂಟ್ ಆಯಿತು. ಟೂಸಿ ತೋಡಿಸಿದ ಕಕ್ಕಸು ಗುಂಡಿಗಳ ಗುರುತೂ ಇರಲಿಕ್ಕಿಲ್ಲ, ಜನ ಉಳಿದದ್ದು ಮಾತ್ರ ಅವುಗಳಿಂದ. ನಮ್ಮ ಸುತ್ತ ವೈಟ್‌ಫೀಲ್ಡ್‌ನಲ್ಲಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕಟ್ಟಡ ಏಳ್ತಾನೇ ಇವೆ, ಪಕ್ಕದಲ್ಲೇ ತಗಡಿನ ಶೆಡ್ಡುಗಳಲ್ಲಿ ಕಲಬುರಗಿ, ರಾಯಚೂರು, ಬಿಹಾರ, ಒಡಿಶಾದಿಂದ ಬಂದವರಿದ್ದಾರೆ. ಅದು ಸೆರೆಯಲ್ಲ, ಯುದ್ಧವೂ ಅಲ್ಲ, ಹೋಲಿಸೋದು ತಪ್ಪು. ಆದ್ರೂ ಇನ್ನೊಂದೆರಡು ವರ್ಷಕ್ಕೆ ನಮ್ಮಲ್ಲಿ ಯಾರೋ ಸೈಟ್ ಎಂಜಿನಿಯರ್ ಆಗ್ತೀವಿ, ಯಾರೋ ಪೀಣ್ಯದ ಶಾಪ್ ಫ್ಲೋರಿನಲ್ಲಿ ಸೂಪರ್‌ವೈಸರ್ ಆಗ್ತೀವಿ. ಮೊದಲ ದಿನ ಡ್ರಾಯಿಂಗ್ ಶೀಟ್ ಬಿಡಿಸೋಕೆ ಮುಂಚೆ, ಇಲ್ಲಿ ಕೆಲಸ ಮಾಡೋರಿಗೆ ಕುಡಿಯೋ ನೀರು ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ಅಂತ ಒಮ್ಮೆ ಕೇಳೋಣ.