ಪುಟ್ಟಣ್ಣ ಕಣಗಾಲ್: ಮಲಯಾಳದ ಬಾಗಿಲಿನಿಂದ ಕನ್ನಡಕ್ಕೆ

ಪುಟ್ಟಣ್ಣ ಕಣಗಾಲರ ಹೆಸರೆತ್ತಿದೊಡನೆ ನಮ್ಮವರ ಬಾಯಿಗೆ ಬರುವುದು ‘ಗೆಜ್ಜೆಪೂಜೆ’, ‘ಶರಪಂಜರ’, ‘ನಾಗರಹಾವು’. ನಾಯಕ ನಟ ಯಾರೆಂದು ಕೇಳದೆ, ನಿರ್ದೇಶಕನ ಹೆಸರು ನೋಡಿಯೇ ಜನ ಟಿಕೇಟು ಕೊಳ್ಳುವಂತೆ ಮಾಡಿದವರು ಅವರು. ಆದರೆ ಆ ಹೆಸರು ಬೆಳ್ಳಿತೆರೆಯ ಮೇಲೆ ದೊಡ್ಡ ಅಕ್ಷರದಲ್ಲಿ ಮೂಡುವ ಮೊದಲು ಅವರು ವರ್ಷಗಟ್ಟಲೆ ಸಹಾಯಕ ನಿರ್ದೇಶಕರಾಗಿ ದುಡಿದರು. ನಿರ್ದೇಶಕನ ಪಟ್ಟ ಮೊದಲು ದೊರೆತದ್ದು ಕನ್ನಡದಲ್ಲಲ್ಲ, ಮಲಯಾಳದಲ್ಲಿ. ಕೇರಳದಲ್ಲಿದ್ದುಕೊಂಡು ಕನ್ನಡ ಓದುವ ನಾವೇ ಇದನ್ನು ಮರೆತಿದ್ದೇವೆ.

ಹುಟ್ಟಿದ್ದು 1933ರ ಡಿಸೆಂಬರ್ 1ರಂದು, ಮೈಸೂರು ಸೀಮೆಯ ಪಿರಿಯಾಪಟ್ಟಣ ತಾಲೂಕಿನ ಕಣಗಾಲು ಗ್ರಾಮದಲ್ಲಿ. ಮನೆಯಲ್ಲಿ ಬಡತನ. ಹೊಟ್ಟೆಪಾಡಿಗೆ ಒಂದೆರಡು ಕಡೆ ಕೆಲಸ ಮಾಡಿ, ಕೊನೆಗೆ ಬಂದು ಸೇರಿದ್ದು ಬಿ. ಆರ್. ಪಂತುಲು ಅವರ ಗರಡಿಗೆ. 1957ರ ‘ರತ್ನಗಿರಿ ರಹಸ್ಯ’ದ ಹೊತ್ತಿಗೆ ಅವರು ಪಂತುಲು ಅವರ ಸಹಾಯಕರು.

ಆಗ ಕನ್ನಡ ಚಿತ್ರಗಳೂ ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನಲ್ಲೇ. ಕೋಡಂಬಾಕ್ಕದ ಸ್ಟುಡಿಯೋಗಳಲ್ಲಿ ಒಂದು ಫ್ಲೋರಿನಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಆಚೆ ಮಲಯಾಳ. ಅಲ್ಲಿ ಸಹಾಯಕ ನಿರ್ದೇಶಕನೆಂದರೆ ಹೆಸರು ದೊಡ್ಡದು, ಸಂಬಳ ಚಿಕ್ಕದು. ಸಂಭಾಷಣೆಯನ್ನು ಪ್ರತಿ ಮಾಡಬೇಕು, ನಟನಟಿಯರಿಗೆ ಬಾಯಿಪಾಠ ಮಾಡಿಸಬೇಕು, ಕ್ಲಾಪ್ ಹಲಗೆ ಹಿಡಿಯಬೇಕು. ನಿನ್ನೆಯ ಶಾಟಿನಲ್ಲಿ ನಾಯಕಿಯ ಸೆರಗು ಯಾವ ಹೆಗಲ ಮೇಲಿತ್ತು, ಹೂ ಎಷ್ಟು ಮೊಳವಿತ್ತು ಎಂಬುದನ್ನೂ ಬರೆದಿಟ್ಟಿರಬೇಕು. ಚಿತ್ರ ಗೆದ್ದರೆ ಕೀರ್ತಿ ನಿರ್ದೇಶಕನದು. ತಪ್ಪಿದರೆ ಬೈಗಳು ಸಹಾಯಕನ ಪಾಲಿಗೆ. ಪುಟ್ಟಣ್ಣನವರ ಚಿತ್ರಗಳಲ್ಲಿ ಒಂದು ಕಿಟಕಿ, ಒಂದು ಮೆಟ್ಟಿಲು, ಒಂದು ಹೂವಿನ ಗಿಡವೂ ಕಥೆ ಹೇಳುತ್ತದೆ ಎಂದು ವಿಮರ್ಶಕರು ಹೊಗಳುವುದುಂಟು. ಆ ಕಣ್ಣು ಪಳಗಿದ್ದು ಇಂಥ ಚಾಕರಿಯಲ್ಲೇ ಎಂದು ನನ್ನ ತಿಳಿವಳಿಕೆ.

1958ರಲ್ಲಿ ಪಂತುಲು ‘ಸ್ಕೂಲ್ ಮಾಸ್ಟರ್’ ಎಂಬ ಕನ್ನಡ ಚಿತ್ರ ಮಾಡಿ, ಮೇಷ್ಟ್ರ ಪಾತ್ರವನ್ನು ತಾವೇ ವಹಿಸಿದರು. ಚಿತ್ರ ಜಯಭೇರಿ ಹೊಡೆಯಿತು. ಅದನ್ನು 1964ರಲ್ಲಿ ಮಲಯಾಳದಲ್ಲಿ ತೆಗೆಯುವಾಗ ಅವರು ನಿರ್ದೇಶನವನ್ನು ತಮ್ಮ ಸಹಾಯಕನ ಕೈಗೊಪ್ಪಿಸಿದರು. ತಿಕ್ಕುರಿಶ್ಶಿ ಸುಕುಮಾರನ್ ನಾಯರ್, ಪ್ರೇಮ್ ನಜೀರ್ ಅವರಂಥ ಮಲಯಾಳದ ಹೆಸರಾಂತ ನಟರು. ನಿರ್ದೇಶಕ ಮಾತ್ರ ಕಣಗಾಲಿನ ಕನ್ನಡಿಗ. ಮುಂದೆ ‘ಕಳಂಜುಕಿಟ್ಟಿಯ ತಂಕಂ’, ‘ಚೇಟ್ಟತ್ತಿ’ ಬಂದವು. 1966ರ ‘ಪೂಚ್ಚಕ್ಕಣ್ಣಿ’ಯ ಬಗ್ಗೆ ಎರಡು ಮಾತು ಹೆಚ್ಚು ಹೇಳಬೇಕು. ಅದರ ಕಥೆ ನಮ್ಮ ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಕಾದಂಬರಿ. ಪುಟ್ಟಣ್ಣನವರ ಕೈಯಲ್ಲಿ ತ್ರಿವೇಣಿ ಮೊದಲು ಮಲಯಾಳವನ್ನು ಮಾತಾಡಿದರು, ಆಮೇಲೆ ಕನ್ನಡವನ್ನು. ನೆರೆಭಾಷೆಯಲ್ಲಿ ಅನ್ನ ಸಂಪಾದಿಸುವಾಗಲೂ ಅವರ ಚೀಲದಲ್ಲಿ ಕನ್ನಡದ ಪುಸ್ತಕವಿತ್ತು ಎಂದಾಯಿತು. ದುಃಖದ ಸಂಗತಿಯೆಂದರೆ, 1963ರಲ್ಲೇ ತೀರಿಕೊಂಡ ತ್ರಿವೇಣಿ ಇದಾವುದನ್ನೂ ಕಾಣಲಿಲ್ಲ.

1967ರಲ್ಲಿ ಕನ್ನಡದ ಬಾಗಿಲು ತೆರೆಯಿತು. ಮತ್ತೆ ತ್ರಿವೇಣಿಯವರದೇ ‘ಬೆಳ್ಳಿಮೋಡ’. ಮಲೆನಾಡಿನ ಹಸುರನ್ನು ಕ್ಯಾಮೆರಾ ಅಷ್ಟು ಮನಸಾರೆ ನೋಡಿದ್ದು ಅಪರೂಪ. ಹಣ, ಆಸ್ತಿಗಳ ಲೆಕ್ಕದಲ್ಲಿ ಮುರಿದು ಬೀಳುವ ಒಂದು ಮದುವೆಯ ಮಾತು ಅದರ ವಸ್ತು. ಕಲ್ಪನಾ ಅದರ ನಾಯಕಿ. ಎಂ. ಕೆ. ಇಂದಿರಾ ಅವರ ಕಾದಂಬರಿಯನ್ನಾಧರಿಸಿದ ‘ಗೆಜ್ಜೆಪೂಜೆ’ಗಾಗಿ (1969) ಪುಟ್ಟಣ್ಣನವರಿಗೆ ಚಿತ್ರಕಥೆಯ ರಾಷ್ಟ್ರಪ್ರಶಸ್ತಿ ಬಂತು. ‘ಶರಪಂಜರ’ (1971) ನೋಡಿದ ಹೆಣ್ಣುಮಕ್ಕಳು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಬುದ್ಧಿಭ್ರಮಣೆಯಿಂದ ಗುಣವಾಗಿ ಬಂದವಳನ್ನು ಮನೆಯವರೂ ನೆರೆಯವರೂ ಮತ್ತೆ ಹುಚ್ಚಿಯಾಗಿಯೇ ನೋಡುವ ಕಥೆಯದು. ನಮ್ಮ ಊರುಗಳಲ್ಲಿ ಅಂಥ ಮನೆ ಇಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ತ. ರಾ. ಸು. ಅವರ ಕಾದಂಬರಿಗಳಿಂದ ಎತ್ತಿಕೊಂಡ ‘ನಾಗರಹಾವು’ (1972) ವಿಷ್ಣುವರ್ಧನರನ್ನು ನಾಯಕನನ್ನಾಗಿ ನಿಲ್ಲಿಸಿತು. ಅಂಬರೀಷ್ ತೆರೆಗೆ ಬಂದದ್ದೂ ಅದರಲ್ಲೇ. ಮಾಷ್ಟ್ರಾದ ನನಗೆ ಮಾತ್ರ ಅದು ಅಶ್ವತ್ಥರ ಚಾಮಯ್ಯ ಮೇಷ್ಟ್ರ ಚಿತ್ರ. ಶಿಷ್ಯನ ಮೇಲಿನ ಪ್ರೀತಿಯಿಂದಲೇ ಅವನ ಬಾಳು ಕೆಡಿಸುವ ಗುರುವನ್ನು ಇಷ್ಟು ದಯೆಯಿಂದ, ಇಷ್ಟು ನಿಷ್ಠುರವಾಗಿ ಬೇರಾರು ತೋರಿಸಿದ್ದಾರೆ? ಮರುವರ್ಷದ ‘ಎಡಕಲ್ಲು ಗುಡ್ಡದ ಮೇಲೆ’ ಭಾರತೀಸುತರ ಕಾದಂಬರಿ. ಆ ಗುಡ್ಡ ಇರುವುದು ನಮ್ಮದೇ ರಾಜ್ಯದ ವಯನಾಡಿನಲ್ಲಿ.

ಎಲ್ಲವೂ ಗೆಲುವೇ ಆಗಿರಲಿಲ್ಲ. ‘ನಾಗರಹಾವು’ ಹಿಂದಿಗೆ ಹೋಗಿ 1974ರಲ್ಲಿ ‘ಝಹರೀಲಾ ಇನ್ಸಾನ್’ ಆದಾಗ ಸೋತಿತು. ಮೂರು ಸಣ್ಣ ಕಥೆಗಳನ್ನು ಒಂದೇ ಚಿತ್ರವಾಗಿ ಹೆಣೆದ ‘ಕಥಾಸಂಗಮ’ (1976) ಅವರ ಧೈರ್ಯದ ಪ್ರಯೋಗ. ‘ರಂಗನಾಯಕಿ’ (1981), ‘ಮಾನಸ ಸರೋವರ’ (1982) ಕೊನೆಯ ಘಟ್ಟದ ಒಳ್ಳೆಯ ಚಿತ್ರಗಳು. ನಡುವಿನ ಕೆಲವು ಸಾಮಾನ್ಯ.

ತಾವು ಪಂತುಲು ಅವರ ಬಳಿ ನಿಂತಂತೆ ಪುಟ್ಟಣ್ಣನವರ ಬಳಿಯೂ ಸಹಾಯಕರು ನಿಂತರು. ಅವರಲ್ಲೊಬ್ಬ ತಮಿಳು ತರುಣ, ಭಾರತಿರಾಜ. 1977ರಲ್ಲಿ ‘ಪದಿನಾರು ವಯದಿನಿಲೆ’ ಮಾಡಿ ತಮಿಳು ಸಿನಿಮಾವನ್ನು ಸ್ಟುಡಿಯೋದಿಂದ ಹಳ್ಳಿಗೆ ಕರೆದೊಯ್ದವರು. ಅವರ ಕೈಕೆಳಗೆ ಕಲಿತವರು ಭಾಗ್ಯರಾಜ್. ಹೀಗೆ ಪಂತುಲು ಗರಡಿಯ ವಿದ್ಯೆ ಕನ್ನಡದಿಂದ ತಮಿಳಿಗೆ ಹರಿಯಿತು.

1985ರ ಜೂನ್ 5ರಂದು, ಐವತ್ತೊಂದರ ಹರೆಯದಲ್ಲಿ ಪುಟ್ಟಣ್ಣ ಕಣ್ಣುಮುಚ್ಚಿದರು. ಆಗ ಅವರ ಕೈಯಲ್ಲಿದ್ದ ‘ಮಸಣದ ಹೂವು’ ಇನ್ನೂ ಮುಗಿದಿರಲಿಲ್ಲ. ಸ್ವತಃ ನಿರ್ದೇಶಕರಾಗಿ ಹೆಸರು ಮಾಡಿದ್ದ ಕೆ. ಎಸ್. ಎಲ್. ಸ್ವಾಮಿಯವರು ಉಳಿದ ಕೆಲಸವನ್ನು ಪೂರೈಸಿಕೊಟ್ಟರು. ಅದೇ ವರ್ಷ ಚಿತ್ರ ತೆರೆಗೆ ಬಂದಾಗ ನಿರ್ದೇಶಕರ ಜಾಗದಲ್ಲಿ ಪುಟ್ಟಣ್ಣನವರ ಹೆಸರೇ ಇತ್ತು.